ಫ್ಯೂಸು ಕಾಯುವುದು ಯಾರನ್ನು?

ಮೋಟಾರು ಕಾರು ಇಂದು ಬರಿಯ ವಾಹನವಾಗಿ ಉಳಿದಿಲ್ಲ; ಅದು ಚಕ್ರಗಳ ಮೇಲೆ ಸಂಚರಿಸುವ ಒಂದು ಪುಟ್ಟ ಚಿತ್ರಮಂದಿರವೂ ಆಗಿದೆ. ಚಾಲಕನ ಮುಂದೆ ಬೆರಳ ಸ್ಪರ್ಶಕ್ಕೆ ಓಗೊಡುವ ಪರದೆ, ಹಿಂದಿನ ಆಸನದ ಮಕ್ಕಳಿಗೆಂದು ಇನ್ನೆರಡು ಪರದೆಗಳು, ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ದಾರಿ ತೋರುವ ಕ್ಯಾಮೆರಾ, ಪ್ರಯಾಣವನ್ನೆಲ್ಲ ಚಿತ್ರಿಸಿಡುವ ಮತ್ತೊಂದು ಕ್ಯಾಮೆರಾ. ಕಾರ್ಖಾನೆಯಿಂದ ಬರುವಾಗ ಇವು ಇಲ್ಲದಿದ್ದರೆ ಮಾಲೀಕನು ಆಮೇಲೆ ಕೊಂಡು ಜೋಡಿಸಿಕೊಳ್ಳುತ್ತಾನೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸಣ್ಣ ಮಳಿಗೆಯವರೆಗೆ ಈ ಕೆಲಸ ನಡೆಯುತ್ತಿದೆ. ಈ ಸೌಕರ್ಯಗಳ ಬಗ್ಗೆ ನಮ್ಮ ಆಕ್ಷೇಪಣೆ ಯಾವುದೂ ಇಲ್ಲ. ನಾವು ಇಲ್ಲಿ ಎತ್ತಬಯಸುವ ಪ್ರಶ್ನೆ ಪರದೆಗೆ ಸಂಬಂಧಿಸಿದುದಲ್ಲ. ಪರದೆಗೆ ವಿದ್ಯುತ್ತನ್ನು ಒಯ್ಯುವ ತಂತಿಗೆ ಸಂಬಂಧಿಸಿದುದು.

ಈ ತಂತಿಯ ವಿಷಯವಾಗಿ ಎಚ್ಚರಿಕೆಯ ಮಾತನಾಡಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಹನ್ನೆರಡು ವೋಲ್ಟು ತಾನೆ, ಏನಾದೀತು?" ವಿಜ್ಞಾನವನ್ನು ಓದಿದವರ ಬಾಯಲ್ಲಿಯೂ ಈ ಮಾತು ಕೇಳಿಬರುತ್ತದೆ. ಇದು ಅರ್ಧ ಸತ್ಯ. ಅರ್ಧ ಸತ್ಯವು ಪೂರ್ಣ ಅಸತ್ಯಕ್ಕಿಂತ ಹೆಚ್ಚು ಅಪಾಯಕರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಸತ್ಯವಾದ ಅರ್ಧವನ್ನು ಮೊದಲು ನೋಡೋಣ. 1827ರಲ್ಲಿ ಜರ್ಮನಿಯ ಗೆಯೋರ್ಗ್ ಓಂ ಪ್ರಕಟಿಸಿದ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು: ವೋಲ್ಟನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಒಣಗಿದ ಚರ್ಮದ ರೋಧ ಸಾವಿರಾರು ಓಂಗಳು. ಅದನ್ನು 10,000 ಓಂ ಎಂದಿಟ್ಟುಕೊಂಡರೆ, ಹನ್ನೆರಡು ವೋಲ್ಟು ನಮ್ಮ ದೇಹದ ಮೂಲಕ ಹರಿಸಬಲ್ಲ ಪ್ರವಾಹ ಒಂದು ಆಂಪಿಯರಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಕಾರಿನ ಬ್ಯಾಟರಿಯ ಎರಡು ಧ್ರುವಗಳನ್ನು ಒಣ ಕೈಗಳಿಂದ ಮುಟ್ಟಿದವನಿಗೆ ಆಘಾತವಾಗದಿರುವುದು ಇದರಿಂದಲೇ.

ಆದರೆ ಓಂನ ನಿಯಮಕ್ಕೆ ಮನುಷ್ಯನೆಂದೂ ತಂತಿಯೆಂದೂ ಪಕ್ಷಪಾತವಿಲ್ಲ. ದೇಹದ ರೋಧವಿದ್ದ ಜಾಗದಲ್ಲಿ ತಾಮ್ರದ ರೋಧವನ್ನು ಇಟ್ಟು ನೋಡಿರಿ. ಅಂಗಡಿಯಲ್ಲಿ ಇಂಥ ಕೆಲಸಕ್ಕೆ ಬಳಸುವ ತೆಳು ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ ಚದರ ಮಿಲಿಮೀಟರ್ ಎನ್ನೋಣ. ಅದರ ರೋಧ ಮೀಟರಿಗೆ 0.034 ಓಂ. ಬ್ಯಾಟರಿಯಿಂದ ಮೂರು ಮೀಟರು ದೂರದಲ್ಲಿ ಎಲ್ಲಿಯೋ ಆ ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರ ಗಾಡಿಯ ಕಬ್ಬಿಣದ ಒಡಲನ್ನು ಮುಟ್ಟಿತೆಂದು ಭಾವಿಸೋಣ. ಕಾರಿನ ಒಡಲೇ ಬ್ಯಾಟರಿಯ ಋಣಧ್ರುವಕ್ಕೆ ಹಿಂದಿರುಗುವ ದಾರಿಯಾದ್ದರಿಂದ ಅಲ್ಲಿಗೆ ಮಂಡಲ ಪೂರ್ಣವಾಯಿತು. ತಂತಿಯ ರೋಧ ಸುಮಾರು 0.1 ಓಂ, ಬ್ಯಾಟರಿಯ ಒಳರೋಧ ಅದರ ಹತ್ತನೆಯ ಒಂದು ಭಾಗದಷ್ಟು. 12.6 ವೋಲ್ಟನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ದೊರೆಯುವ ಪ್ರವಾಹ 110 ಆಂಪಿಯರನ್ನು ಮೀರುತ್ತದೆ. ಇಷ್ಟು ಪ್ರವಾಹವನ್ನು ಬ್ಯಾಟರಿ ಕೊಡಬಲ್ಲುದೆ ಎಂದು ಶಂಕಿಸಬೇಕಾಗಿಲ್ಲ. ಇಂಜಿನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರುಗಳನ್ನು ಒಮ್ಮೆಗೇ ಒದಗಿಸಲೆಂದೇ ಅದನ್ನು ನಿರ್ಮಿಸಿರುತ್ತಾರೆ.

ಇನ್ನು ಉಷ್ಣದ ಲೆಕ್ಕ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಪ್ರತಿ ಸೆಕೆಂಡಿಗೆ ಹುಟ್ಟುವ ಉಷ್ಣ ಸಿಗುತ್ತದೆಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿ ತೋರಿಸಿಕೊಟ್ಟನು. ಕೂಡುಗೆಗಳ ರೋಧವನ್ನೂ ಗಣಿಸಿ ನಮ್ಮ ಪ್ರವಾಹವನ್ನು 100 ಆಂಪಿಯರಿಗೆ ಇಳಿಸಿಕೊಂಡರೂ, ತಂತಿಯ ಪ್ರತಿಯೊಂದು ಮೀಟರಿನಲ್ಲಿ 340 ವಾಟುಗಳಷ್ಟು ಶಾಖ ಉತ್ಪನ್ನವಾಗುತ್ತದೆ. ಆ ಒಂದು ಮೀಟರಿನಲ್ಲಿರುವ ತಾಮ್ರವಾದರೋ ಸುಮಾರು ನಾಲ್ಕೂವರೆ ಗ್ರಾಂ ಮಾತ್ರ. ತಾಮ್ರದ ವಿಶಿಷ್ಟೋಷ್ಣವನ್ನು ಬಲ್ಲ ಕಾಲೇಜು ವಿದ್ಯಾರ್ಥಿ ಮುಂದಿನ ಹೆಜ್ಜೆಯನ್ನು ತಾನೇ ಇಡಬಹುದು: ತಂತಿಯ ತಾಪ ಒಂದೇ ಸೆಕೆಂಡಿನಲ್ಲಿ ಸುಮಾರು 200 ಡಿಗ್ರಿ ಏರುತ್ತದೆ. ಅದರ ಪ್ಲಾಸ್ಟಿಕ್ ಹೊದಿಕೆ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಮೆತ್ತಗಾಗುವಂಥದು. ತಂತಿ ಹಾದುಹೋಗಿರುವುದು ನೆಲಹಾಸಿನ ಅಡಿಯಲ್ಲಿ, ಆಸನದ ಬಟ್ಟೆಯ ಪಕ್ಕದಲ್ಲಿ. ಕೈಗೆ ಜುಮ್ಮೆನ್ನಿಸಲೂ ಆರದ ಹನ್ನೆರಡು ವೋಲ್ಟು ಗಾಡಿಗೆ ಬೆಂಕಿಯಿಡಬಲ್ಲುದು ಹೀಗೆ.

ವಾಸ್ತವವಾಗಿ, ವೋಲ್ಟು ಕಡಿಮೆಯಾದಷ್ಟೂ ತಂತಿಯ ಹೊರೆ ಹೆಚ್ಚುತ್ತದೆ. 24 ವಾಟು ಬೇಡುವ ಒಂದು ಪರದೆಗೆ 12 ವೋಲ್ಟಿನಲ್ಲಿ 2 ಆಂಪಿಯರ್ ಸಾಕು. 6 ವೋಲ್ಟಿನಲ್ಲಾದರೆ 4 ಆಂಪಿಯರ್ ಬೇಕು, ಮತ್ತು ಅದೇ ತಂತಿಯಲ್ಲಿ ವ್ಯರ್ಥವಾಗುವ ಉಷ್ಣ ನಾಲ್ಕು ಪಟ್ಟು. 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಾರು ತಯಾರಕರಲ್ಲಿ ಬಹುಮಂದಿ 6 ವೋಲ್ಟನ್ನು ಬಿಟ್ಟು 12 ವೋಲ್ಟಿಗೆ ಏರಿದುದಕ್ಕೆ ಇದೂ ಒಂದು ಕಾರಣ. 2023ರಲ್ಲಿ ಗ್ರಾಹಕರ ಕೈ ಸೇರಿದ ಟೆಸ್ಲಾ ಸೈಬರ್‌ಟ್ರಕ್ಕಿನಲ್ಲಿ ದೀಪ, ಪರದೆ ಮೊದಲಾದವುಗಳ ಜಾಲವನ್ನು 48 ವೋಲ್ಟಿಗೆ ಏರಿಸಿರುವುದೂ ಇದೇ ನ್ಯಾಯದಿಂದ. ಅಲ್ಪ ವೋಲ್ಟು ಮನುಷ್ಯನಿಗೆ ಮಿತ್ರನಿರಬಹುದು, ತಂತಿಗೆ ಅಲ್ಲ.

ಹಾಗಾದರೆ ತಂತಿಯನ್ನು ಕಾಯುವವರು ಯಾರು? ಫ್ಯೂಸು. ಈ ಪುಟ್ಟ ವಸ್ತುವಿನ ಕರ್ತವ್ಯದ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ಕಲ್ಪನೆಯಿದೆ. ಅದು ಬೆಲೆಬಾಳುವ ಪರದೆಯನ್ನು ರಕ್ಷಿಸಲು ಇದೆಯೆಂದು ಅವರು ತಿಳಿಯುತ್ತಾರೆ. ಪರದೆಯ ಬೆನ್ನಿನಲ್ಲಿ ತಯಾರಕರು ಇಟ್ಟಿರುವ ಫ್ಯೂಸಿನ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಬ್ಯಾಟರಿಯಿಂದ ಪರದೆಯವರೆಗೆ ಹರಿದಿರುವ ಮೂರು ನಾಲ್ಕು ಮೀಟರು ತಂತಿಗೆ ಆ ಫ್ಯೂಸಿನಿಂದ ಏನೂ ಪ್ರಯೋಜನವಿಲ್ಲ. ತಂತಿ ನಡುದಾರಿಯಲ್ಲಿ ಒಡಲನ್ನು ಮುಟ್ಟಿದರೆ ಪ್ರವಾಹ ಅಲ್ಲಿಂದಲೇ ಹಿಂದಿರುಗುತ್ತದೆ. ಕೊನೆಯಲ್ಲಿರುವ ಫ್ಯೂಸಿನ ಮೂಲಕ ಅದು ಹಾಯುವುದೇ ಇಲ್ಲ. ಕಳ್ಳನು ಹಿತ್ತಿಲಿನಿಂದ ನುಗ್ಗುವಾಗ ಹೆಬ್ಬಾಗಿಲಿನ ಕಾವಲುಗಾರ ಏನು ಮಾಡಿಯಾನು? ಆದುದರಿಂದ ತಂತಿಯನ್ನು ಕಾಯಬೇಕಾದ ಫ್ಯೂಸು ಬ್ಯಾಟರಿಯ ಧನಧ್ರುವದಿಂದ ಒಂದು ಗೇಣಿನ ಆಚೀಚೆಯಲ್ಲಿಯೇ ಇರತಕ್ಕದ್ದು. ಅದರಿಂದ ಮುಂದಿನ ತಂತಿಯೆಲ್ಲವೂ ಅದರ ರಕ್ಷಣೆಯಲ್ಲಿದೆ. ಹಿಂದಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ.

ಫ್ಯೂಸಿನ ಅಳತೆಯನ್ನು ನಿರ್ಣಯಿಸುವುದೂ ತಂತಿಯೇ. ಉಪಕರಣ ಬೇಡುವ ಪ್ರವಾಹಕ್ಕಿಂತ ಅದು ತುಸು ಹೆಚ್ಚಿರಬೇಕು, ಆದರೆ ತಂತಿ ತಾಳಬಲ್ಲ ಪ್ರವಾಹವನ್ನು ಎಂದಿಗೂ ಮೀರಬಾರದು. 2 ಆಂಪಿಯರ್ ಬೇಡುವ ಪರದೆಗೆ ತಿಳಿಕಂದು ಬಣ್ಣದ 5 ಆಂಪಿಯರಿನ ಫ್ಯೂಸು ಸಾಕು. ಅದು ಪದೇ ಪದೇ ಕರಗುತ್ತದೆಂದು ಹಸಿರು ಬಣ್ಣದ 30 ಆಂಪಿಯರಿನದನ್ನು ತುರುಕುವ ಪದ್ಧತಿಯೊಂದಿದೆ. ಆ ಬಳಿಕ ಒಂದು ಅರೆಬರೆ ಸ್ಪರ್ಶದಿಂದ 25 ಆಂಪಿಯರ್ ಹರಿಯತೊಡಗಿದರೆ ತಂತಿಯ ಪ್ರತಿ ಮೀಟರಿನಲ್ಲಿ 21 ವಾಟು ಶಾಖ ಹುಟ್ಟುತ್ತಲೇ ಇರುತ್ತದೆ. ಇತರ ತಂತಿಗಳ ಕಂತೆಯೊಳಗೆ ಸಿಕ್ಕಿರುವ ಆ ಶಾಖಕ್ಕೆ ಹೊರದಾರಿಯಿಲ್ಲ. ಹೊದಿಕೆ ಮೆಲ್ಲಮೆಲ್ಲನೆ ಕರಗುತ್ತದೆ. ಫ್ಯೂಸಾದರೋ ತನ್ನ ಮಿತಿಯೊಳಗೆ ಎಲ್ಲವೂ ಸರಿಯಾಗಿದೆಯೆಂದು ಸುಮ್ಮನಿರುತ್ತದೆ. ಕರಗಿದ ಫ್ಯೂಸು ಒಂದು ತೊಂದರೆಯಲ್ಲ, ಒಂದು ಸಮಾಚಾರ. ಸಮಾಚಾರ ತಂದವನ ಬಾಯಿ ಕಟ್ಟಿದ ಮಾತ್ರಕ್ಕೆ ಸಂಕಟ ತಪ್ಪುವುದಿಲ್ಲ.

ಹಾಗೆಂದು ಪ್ರತಿಯೊಂದು ಸಣ್ಣ ಜೋಡಣೆಗೂ ಬ್ಯಾಟರಿಯಿಂದಲೇ ಹೊಸ ತಂತಿ ಎಳೆಯಬೇಕೆಂದು ನಾವು ಹೇಳುವುದಿಲ್ಲ. ಹಿನ್ನೋಟದ ಕ್ಯಾಮೆರಾ ಬೇಡುವುದು ಒಂದು ಆಂಪಿಯರಿನ ಸಣ್ಣದೊಂದು ಅಂಶವನ್ನು; ಅದೂ ಗಾಡಿ ಹಿಂದಕ್ಕೆ ಸರಿಯುವಷ್ಟು ಹೊತ್ತು ಮಾತ್ರ. ಹಿಂಚಲನೆಯ ದೀಪದ ತಂತಿಯಿಂದ ಅದನ್ನು ಪಡೆಯುವುದು ನ್ಯಾಯವಾಗಿಯೇ ಇದೆ. ಆ ದೀಪದ ಫ್ಯೂಸು ಅದನ್ನೂ ಕಾಯುತ್ತದೆ. ಆದರೆ ಎರಡು ಪರದೆಗಳನ್ನೂ ಒಂದು ಧ್ವನಿವರ್ಧಕವನ್ನೂ ಅದೇ ತಂತಿಗೆ ಪೋಣಿಸಿದರೆ ಮಾತು ಬೇರೆಯಾಗುತ್ತದೆ. ಭೇದವನ್ನು ತಿಳಿಸುವುದು ಅಭ್ಯಾಸಬಲವಲ್ಲ, ಲೆಕ್ಕ.

ಈ ದೋಷಕ್ಕೆ ಅಂಗಡಿಯ ಕೆಲಸಗಾರನನ್ನೇ ಹೊಣೆ ಮಾಡುವುದು ಸುಲಭ. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅವನ ಕೈಚಳಕ ಮೆಚ್ಚತಕ್ಕದ್ದೇ. ಗಂಟೆಯೊಳಗೆ ಕೆಲಸ ಮುಗಿಯಬೇಕು, ತಂತಿಗೆ ಹೆಚ್ಚು ಹಣ ಕೊಡಲಾಗದು ಎಂದು ಒತ್ತಾಯಿಸುವವರು ಗ್ರಾಹಕರು. ಪರದೆಗೆ ಸಾವಿರಾರು ರೂಪಾಯಿಗಳನ್ನು ತೆತ್ತವನು ದಪ್ಪ ತಂತಿಯ ವಿಷಯದಲ್ಲಿ ಚೌಕಾಶಿಗೆ ಇಳಿಯುತ್ತಾನೆ. ಆ ಗ್ರಾಹಕರಲ್ಲಿ ಓಂನ ನಿಯಮವನ್ನು ಬರೆದು ಅಂಕ ಪಡೆದವರು ಕಡಮೆಯೇನೂ ಇರಲಾರರು. ಪರೀಕ್ಷೆಯಲ್ಲಿ ಉತ್ತರ ಬರೆಯಲು ಸಾಕಾದ ವಿದ್ಯೆ ಅಂಗಡಿಯಲ್ಲಿ ಪ್ರಶ್ನೆ ಕೇಳಲು ಸಾಲದಾದರೆ, ಆ ವಿದ್ಯೆ ಇನ್ನೂ ಪೂರ್ತಿಯಾಗಿಲ್ಲವೆಂದೇ ಹೇಳಬೇಕಾಗುತ್ತದೆ. ಮನೆಯ 230 ವೋಲ್ಟಿನ ವಿಷಯದಲ್ಲಿ ಮಕ್ಕಳಿಗೆ ಭಯವನ್ನು ಕಲಿಸುತ್ತೇವೆ. ಕಾರಿನ 12 ವೋಲ್ಟಿನ ವಿಷಯದಲ್ಲಿ ನಿರ್ಭಯವನ್ನು ಕಲಿಸುತ್ತೇವೆ. ಬೇಕಾದುದು ಇವೆರಡೂ ಅಲ್ಲ. ಎಲ್ಲಿ ಎಷ್ಟು ರೋಧವಿದೆ, ಅದರ ಮೂಲಕ ಎಷ್ಟು ಪ್ರವಾಹ ಹರಿದೀತು ಎಂದು ಭಾಗಿಸಿ ನೋಡುವ ಬುದ್ಧಿ ಬೇಕು.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟು. ನಿಮ್ಮ ಮನೆಯ ಗಾಡಿಗಾಗಲಿ, ನೆರೆಯವರ ಬಾಡಿಗೆ ಕಾರಿಗಾಗಲಿ ಪರದೆಯನ್ನು ಕೂಡಿಸುವ ದಿನ ನೀವೂ ಜೊತೆಯಲ್ಲಿ ಹೋಗಿರಿ. ಹೋಗಿ ನಾಲ್ಕೇ ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ: ಈ ಉಪಕರಣಕ್ಕೆ ಎಷ್ಟು ಆಂಪಿಯರ್ ಬೇಕು? ಈ ತಂತಿ ಎಷ್ಟನ್ನು ತಾಳುತ್ತದೆ? ಫ್ಯೂಸು ಎಲ್ಲಿದೆ, ಎಷ್ಟರದು? ಇಂಜಿನ್ ಕೋಣೆಯ ತಗಡನ್ನು ತಂತಿ ತೂರಿಬರುವ ತೂತಿಗೆ ರಬ್ಬರಿನ ಬಳೆ ಹಾಕಿದ್ದೀರಾ? ಕಡೆಯ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ನಮ್ಮ ರಸ್ತೆಗಳಲ್ಲಿ ಗಾಡಿ ಕುಲುಕಿದಂತೆಲ್ಲ ತಗಡಿನ ಹರಿತವಾದ ಅಂಚು ತಂತಿಯ ಹೊದಿಕೆಯನ್ನು ಗರಗಸದಂತೆ ಉಜ್ಜುತ್ತಲೇ ಇರುತ್ತದೆ. ಮೇಲಿನ ಲೆಕ್ಕವೆಲ್ಲ ಆರಂಭವಾಗುವುದು ಆ ಅಂಚಿನಲ್ಲಿಯೇ.

ನಾಲ್ಕು ಪ್ರಶ್ನೆಗಳಿಗೆ ಐದು ನಿಮಿಷ ಹಿಡಿದೀತು. ಫ್ಯೂಸಿಗೂ ರಬ್ಬರಿನ ಬಳೆಗೂ ಕೂಡಿ ತಗಲುವುದು ಅಲ್ಪ ವೆಚ್ಚ. ಹಿಂದಿನ ಆಸನದಲ್ಲಿ ಚಿತ್ರ ನೋಡುತ್ತ ನಿದ್ದೆಹೋದ ಮಗುವಿನ ಕಾಲಡಿಯಲ್ಲಿ ಆ ತಂತಿ ಹರಿದಿದೆ ಎಂಬುದನ್ನು ನೆನೆದರೆ, ಇದು ದುಬಾರಿಯೆಂದು ಯಾರೂ ಹೇಳಲಾರರು.