ಎಣಿಸಿದ್ದೇನು, ಕೇಳಿದವರಾರು?

ಅಂಕೆಗೆ ವಿಲಕ್ಷಣವಾದ ಒಂದು ಅಧಿಕಾರವುಂಟು. ಬಾಯಿಮಾತನ್ನು ನಾಲ್ಕು ಕಡೆ ವಿಚಾರಿಸಿ ನಂಬುವ ನಾವು, ಅದೇ ಸಂಗತಿಯನ್ನು ಸಂಖ್ಯೆಯ ರೂಪದಲ್ಲಿ ಕಂಡೊಡನೆ ತಲೆಬಾಗುತ್ತೇವೆ. ಕೆಲವು ತಿಂಗಳ ಕೆಳಗೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಬಂದು, ತಾನೂ ತನ್ನ ಗೆಳೆಯರೂ ಕನ್ನಡದಲ್ಲಿ ನಡೆಸುತ್ತಿದ್ದ ವಿಜ್ಞಾನದ ಪಾಡ್‌ಕಾಸ್ಟನ್ನು ನಿಲ್ಲಿಸಿಬಿಡುವುದಾಗಿ ಹೇಳಿದನು. ಕಾರಣ ಕೇಳಿದೆವು. "ಘರ್ಷಣೆಯ ವಿಷಯವಾಗಿ ಮೂರು ವಾರ ಓದಿ ಸಿದ್ಧಪಡಿಸಿದ ಸಂಚಿಕೆಯನ್ನು ಯಾರೂ ಕೇಳಲಿಲ್ಲ ಸಾರ್. ಸುಮ್ಮನೆ ಕುಳಿತು ಹರಟಿದ್ದನ್ನು ಅದರ ಮೂರರಷ್ಟು ಜನ ಕೇಳಿದ್ದಾರೆ. ಡೌನ್‌ಲೋಡ್ ಸಂಖ್ಯೆಯೇ ಹೇಳುತ್ತದೆ" ಎಂದನು. ಆ ಸಂಖ್ಯೆ ನಿಜವಾಗಿಯೂ ಹಾಗೆ ಹೇಳುತ್ತದೆಯೆ? ಅಂದು ಅವನೊಡನೆ ಆಡಿದ ಮಾತುಗಳನ್ನೇ ಕೊಂಚ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇವೆ.

ಪಾಡ್‌ಕಾಸ್ಟ್ ಎಂಬ ಪದ 2004ರಲ್ಲಿ ಹುಟ್ಟಿತು. ವಸ್ತು ಸರಳವಾದುದೇ. ಧ್ವನಿಮುದ್ರಣವನ್ನು ಒಂದು ಕಡತವಾಗಿ ಮಾಡಿ ಇಂಟರ್‌ನೆಟ್ಟಿನ ಒಂದು ಸರ್ವರಿನಲ್ಲಿ ಇಡುತ್ತಾರೆ. ಸಂಚಿಕೆಗಳ ಪಟ್ಟಿಯೊಂದನ್ನು ಪ್ರಕಟಿಸುತ್ತಾರೆ. ಕೇಳುಗನ ಫೋನಿನಲ್ಲಿರುವ ಆ್ಯಪ್ ಆ ಪಟ್ಟಿಯನ್ನು ಆಗಾಗ ಓದಿ, ಹೊಸ ಸಂಚಿಕೆ ಬಂದಿದ್ದರೆ ಅದರ ಕಡತವನ್ನು ತರಿಸಿಕೊಳ್ಳುತ್ತದೆ. ಹೀಗೆ ಬಂದ ಪ್ರತಿಯೊಂದು ಕೋರಿಕೆಗೂ ಸರ್ವರು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಡುತ್ತದೆ: ಇಂಥ ಹೊತ್ತಿನಲ್ಲಿ, ಇಂಥ ಐಪಿ ವಿಳಾಸದಿಂದ, ಇಂಥ ಆ್ಯಪ್ ಕೇಳಿತು, ಇಷ್ಟು ಬೈಟುಗಳನ್ನು ಕಳುಹಿಸಿದ್ದಾಯಿತು. ಡೌನ್‌ಲೋಡ್ ಸಂಖ್ಯೆಯೆಂಬುದು ಈ ಸಾಲುಗಳಿಂದ ತೆಗೆದ ಲೆಕ್ಕ. ಕಡತ ಹೊರಟುಹೋದುದು ಸರ್ವರಿಗೆ ಗೊತ್ತು. ಅತ್ತ ಕಡೆ ಮನುಷ್ಯನೊಬ್ಬನು ಕಿವಿಗೊಟ್ಟನೋ ಇಲ್ಲವೋ ಎಂಬುದನ್ನು ಅರಿಯಲು ಅದಕ್ಕೆ ದಾರಿಯಿಲ್ಲ.

ಸಣ್ಣದೊಂದು ಲೆಕ್ಕ ಮಾಡಿ ನೋಡೋಣ. ಸೆಕೆಂಡಿಗೆ 128 ಕಿಲೋಬಿಟ್ ದರದ 30 ನಿಮಿಷಗಳ ಸಂಚಿಕೆಯಲ್ಲಿ 128 × 1800 = 2,30,400 ಕಿಲೋಬಿಟ್, ಎಂದರೆ 28.8 ಮೆಗಾಬೈಟ್ ಇರುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇದು ಬಂದು ಸೇರಲು ಸುಮಾರು 23 ಸೆಕೆಂಡು ಸಾಕು. ಅಲ್ಲಿಗೆ ಸರ್ವರಿನ ಕೆಲಸ ಮುಗಿಯಿತು, ಅದರ ಅರಿವೂ ಮುಗಿಯಿತು. ಅರ್ಧ ಗಂಟೆ ಕೇಳುವ ಕ್ರಿಯೆ ಆಮೇಲೆ ಫೋನಿನೊಳಗೆ, ಸರ್ವರಿನ ಕಣ್ಣಿಗೆ ಬೀಳದಂತೆ ನಡೆಯುತ್ತದೆ. ಅಥವಾ ನಡೆಯುವುದೇ ಇಲ್ಲ. ಎಷ್ಟೋ ಫೋನುಗಳಲ್ಲಿ ಸಂಚಿಕೆಗಳು ತಾವಾಗಿಯೇ ಬಂದಿಳಿದು, ಯಾರೂ ಮುಟ್ಟದೆ ಅಳಿದುಹೋಗುತ್ತವೆ.

ಲೆಕ್ಕ ಎರಡು ದಿಕ್ಕಿನಲ್ಲಿಯೂ ತಪ್ಪುವುದುಂಟು. ಆ್ಯಪುಗಳು ಕಡತವನ್ನು ತುಂಡುತುಂಡಾಗಿ ತರಿಸಿಕೊಳ್ಳಬಲ್ಲವು. ಆಗ ಒಬ್ಬನೇ ಕೇಳುಗನು ದಿನಚರಿಯಲ್ಲಿ ಹಲವು ಸಾಲುಗಳನ್ನು ಬಿಟ್ಟುಹೋಗುತ್ತಾನೆ. ಮನುಷ್ಯರೇ ಅಲ್ಲದ ಹುಡುಕುಯಂತ್ರಗಳೂ ಬಾಟ್ ಎಂಬ ತಂತ್ರಾಂಶಗಳೂ ಬಂದು ಕಡತವನ್ನು ಕೊಂಡೊಯ್ಯುತ್ತವೆ. ಇದಕ್ಕೆ ಪ್ರತಿಯಾಗಿ, ಒಂದೇ ಡೌನ್‌ಲೋಡನ್ನು ಮೇಷ್ಟರು ತರಗತಿಯಲ್ಲಿ ಹಾಕಿ ಅರವತ್ತು ಮಂದಿಗೆ ಕೇಳಿಸಿದರೆ ಸರ್ವರಿನ ಪಾಲಿಗೆ ಅದು ಒಂದೇ.

ಈ ಗೊಂದಲವನ್ನು ತಕ್ಕಮಟ್ಟಿಗೆ ನಿವಾರಿಸಲು ಅಮೆರಿಕದ ಐಎಬಿ ಟೆಕ್ ಲ್ಯಾಬ್ ಎಂಬ ಸಂಸ್ಥೆ ನಿಯಮಗಳನ್ನು ರೂಪಿಸಿದೆ. 2017ರ ಡಿಸೆಂಬರಿನಲ್ಲಿ ಹೊರಬಂದ ಅವುಗಳ ಎರಡನೆಯ ಆವೃತ್ತಿಯ ಸಾರ ಇದು: ಒಂದು ನಿಮಿಷದ ಧ್ವನಿಗೆ ಸಾಕಾಗುವಷ್ಟು ಬೈಟುಗಳಾದರೂ ಹೋಗಿರಬೇಕು, ಒಂದೇ ಐಪಿ ವಿಳಾಸದಿಂದ ಒಂದೇ ಬಗೆಯ ಆ್ಯಪ್ 24 ಗಂಟೆಗಳೊಳಗೆ ಎಷ್ಟು ಸಲ ಕೇಳಿದರೂ ಅದನ್ನು ಒಂದೆಂದೇ ಎಣಿಸಬೇಕು, ಬಾಟ್‌ಗಳನ್ನು ಸೋಸಿ ತೆಗೆಯಬೇಕು. ನಿಯಮ ವಿವೇಕವಾದುದೇ. ಆದರೆ ವಿದ್ಯಾರ್ಥಿನಿಲಯವೊಂದರ ವೈ-ಫೈಯನ್ನು ನೆನೆಯಿರಿ. ಅಲ್ಲಿನ ಎಲ್ಲರೂ ಹೊರಜಗತ್ತಿಗೆ ಒಂದೇ ಐಪಿ ವಿಳಾಸದಿಂದ ಕಾಣಿಸಿಕೊಳ್ಳುವುದು ಸಾಮಾನ್ಯ. ಒಂದೇ ಬಗೆಯ ಫೋನೂ ಒಂದೇ ಆ್ಯಪೂ ಇರುವ ಹತ್ತು ಹುಡುಗರು ಒಂದೇ ದಿನ ಕೇಳಿದರೆ ಲೆಕ್ಕಕ್ಕೆ ಒಬ್ಬನೇ. ಅವರಲ್ಲೊಬ್ಬನು ಬೆಳಗ್ಗೆ ವೈ-ಫೈಯಲ್ಲಿಯೂ ಸಂಜೆ ಬಸ್ಸಿನಲ್ಲಿ ಮೊಬೈಲ್ ಜಾಲದಲ್ಲಿಯೂ ಅದೇ ಸಂಚಿಕೆಯನ್ನು ತೆರೆದರೆ ಇಬ್ಬರಾಗಬಹುದು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂಥ ಉಪಕರಣದ ಪರಿಚಯ ಆಗಲೇ ಇದೆ. ಗೈಗರ್ ಮತ್ತು ಮ್ಯೂಲರ್ 1928ರಲ್ಲಿ ರೂಪಿಸಿದ ವಿಕಿರಣದ ಎಣಿಕೆಯಂತ್ರವನ್ನು ಮೇಜಿನ ಮೇಲಿಟ್ಟರೆ, ಹತ್ತಿರ ಯಾವ ವಿಕಿರಣಶೀಲ ವಸ್ತುವೂ ಇಲ್ಲದಿದ್ದಾಗಲೂ ಅದು ಟಿಕ್ ಟಿಕ್ ಎನ್ನುತ್ತದೆ. ಅದು ಹಿನ್ನೆಲೆಯ ಎಣಿಕೆ. ಒಂದು ಕಣವನ್ನು ಎಣಿಸಿದ ಮೇಲೆ ಸುಮಾರು 100 ಮೈಕ್ರೋಸೆಕೆಂಡು ಅದು ಮಂಕಾಗಿರುತ್ತದೆ. ಆ ಅವಧಿಯಲ್ಲಿ ಬಂದ ಎರಡನೆಯ ಕಣ ಲೆಕ್ಕಕ್ಕೆ ಸಿಗುವುದಿಲ್ಲ. ಗಾಮಾ ಕಿರಣಗಳಲ್ಲಿ ಬಹುಪಾಲು ಎಣಿಕೆಗೆ ಸಿಗದೆ ಹಾದುಹೋಗುತ್ತವೆ. ಬಾಟ್‌ಗಳು ನಮ್ಮ ಹಿನ್ನೆಲೆಯ ಎಣಿಕೆ. 24 ಗಂಟೆಗಳ ನಿಯಮ ನಮ್ಮ ಮಂಕುಕಾಲ. ಆದರೂ ಎರಡಕ್ಕೂ ಒಂದು ದೊಡ್ಡ ಅಂತರವಿದೆ. ಗೈಗರ್ ಯಂತ್ರದ ಹಿನ್ನೆಲೆಯನ್ನು ಬೇರೆಯಾಗಿ ಅಳೆದು ಕಳೆಯುತ್ತೇವೆ; ತಿಳಿದ ಆಕರವೊಂದನ್ನಿಟ್ಟು ಯಂತ್ರದ ದಕ್ಷತೆಯನ್ನು ಗೊತ್ತುಮಾಡಿಕೊಳ್ಳುತ್ತೇವೆ; ಉತ್ತರದ ಪಕ್ಕದಲ್ಲಿ ದೋಷದ ಮಿತಿಯನ್ನು ಬರೆಯುತ್ತೇವೆ. ಡೌನ್‌ಲೋಡ್ ಸಂಖ್ಯೆಯ ಪಕ್ಕದಲ್ಲಿ ದೋಷದ ಮಿತಿ ಬರೆದುದನ್ನು ನಾವಂತೂ ಕಂಡಿಲ್ಲ. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಹೀಗೆ ಬರೆದು ತಂದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಅಳತೆಗೋಲು ಬದಲಾದರೆ ವಸ್ತು ಬದಲಾದಂತೆ ತೋರುವುದೂ ಉಂಟು. ಆಪಲ್ ಕಂಪನಿಯ ಪಾಡ್‌ಕಾಸ್ಟ್ ಆ್ಯಪಿನಲ್ಲಿ, ಕೆಲಕಾಲ ಕೇಳುವುದನ್ನು ಬಿಟ್ಟಿದ್ದವನು ಮರಳಿ ಬಂದರೆ ನಡುವೆ ಪ್ರಕಟವಾದ ಸಂಚಿಕೆಗಳೆಲ್ಲ ತಾವಾಗಿ ಬಂದಿಳಿಯುತ್ತಿದ್ದವು. 2023ರ ಸೆಪ್ಟೆಂಬರಿನಲ್ಲಿ ಬಂದ ಐಓಎಸ್ 17ರಲ್ಲಿ ಆ ಪದ್ಧತಿ ನಿಂತಿತು. ಅನೇಕ ಪ್ರಸಿದ್ಧ ಕಾರ್ಯಕ್ರಮಗಳ ಡೌನ್‌ಲೋಡ್ ಸಂಖ್ಯೆ ಕುಸಿಯಿತು. ಕೇಳುಗರು ಬಿಟ್ಟುಹೋದುದರಿಂದ ಆದ ಕುಸಿತವಲ್ಲ ಅದು. ಯಾರೂ ಕೇಳದಿದ್ದ ಕಡತಗಳು ಲೆಕ್ಕದಿಂದ ಬಿದ್ದುಹೋದವು. ಅದಕ್ಕೆ ಒಂದು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಇನ್ನೊಂದು ಸಂಗತಿಯನ್ನು ಹೊರಗೆಡವಿತ್ತು. ಮೊಬೈಲ್ ಆಟವಾಡುವವರು ಆಟದ ಬಹುಮಾನಕ್ಕಾಗಿ ಜಾಹೀರಾತೊಂದನ್ನು ಒತ್ತಿದರೆ ಪಾಡ್‌ಕಾಸ್ಟಿನ ಸಂಚಿಕೆಯೊಂದು ತಾನಾಗಿ ಡೌನ್‌ಲೋಡ್ ಆಗುವಂಥ ಏರ್ಪಾಟನ್ನು ಕೆಲವು ಪ್ರಕಾಶಕರು ಹಣ ಕೊಟ್ಟು ಮಾಡಿಕೊಂಡಿದ್ದರು. ಆಟಗಾರನಿಗೆ ಬೇಕಾದುದು ಆಟದ ನಾಣ್ಯ. ಪ್ರಕಾಶಕನಿಗೆ ಸಿಕ್ಕಿದುದು ಒಬ್ಬ "ಕೇಳುಗ".

ಇಂಥ ಉಪಾಯಗಳಿಗೆ ಕಾರಣ ಸ್ಪಷ್ಟ. ಪಾಡ್‌ಕಾಸ್ಟಿನ ಜಾಹೀರಾತಿಗೆ ಸಾವಿರ ಡೌನ್‌ಲೋಡಿಗೆ ಇಷ್ಟೆಂದು ಬೆಲೆ ಕಟ್ಟುವುದು ರೂಢಿ. ಸಂಖ್ಯೆಗೆ ಹಣದ ನಂಟು ಬಿದ್ದಮೇಲೆ ಸಂಖ್ಯೆಯನ್ನು ಬೆಳೆಸುವುದೇ ಒಂದು ಕಸುಬಾಗುತ್ತದೆ. ಹಾಗಾದರೆ ಪ್ರತಿಯೊಬ್ಬ ಕೇಳುಗನ ಫೋನಿನಿಂದಲೇ ವರದಿ ತರಿಸಿದರೆ ಆಗದೆ? ಅಮೆರಿಕದ ಸಾರ್ವಜನಿಕ ರೇಡಿಯೋ ಸಂಸ್ಥೆಯಾದ ಎನ್‌ಪಿಆರ್ 2018ರಲ್ಲಿ ಅಂಥದೊಂದು ವಿಧಾನವನ್ನು ಮುಂದಿಟ್ಟಿತು. ಅದು ಸಾರ್ವತ್ರಿಕವಾಗಿ ಬಳಕೆಗೆ ಬರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದಕ್ಕಾಗಿ ಹೆಚ್ಚು ದುಃಖಿಸಬೇಕಾಗಿಲ್ಲ. ಯಾರು ಯಾವಾಗ ಏನನ್ನು ಎಲ್ಲಿಯವರೆಗೆ ಕೇಳಿದರೆಂಬುದನ್ನು ಬರೆದಿಡುವ ಅಳತೆ ಹೆಚ್ಚು ನಿಖರವಾಗಿರಬಹುದು. ಆದರೆ ಅದು ಕೇಳುಗನ ಹಿಂದೆ ಗೂಢಚಾರನನ್ನು ಬಿಟ್ಟಂತೆಯೂ ಆಗುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ಮಾತನಾಡುವ, ಯಾರಿಗೂ ಹೆಸರು ಹೇಳದೆ ಕೇಳುವ ಸ್ವಾತಂತ್ರ್ಯಕ್ಕೆ ಕೊಂಚ ಅನಿಶ್ಚಿತತೆಯನ್ನು ತೆರುವುದು ದುಬಾರಿಯಲ್ಲ.

ಡೌನ್‌ಲೋಡ್ ಸಂಖ್ಯೆಯನ್ನು ಎಸೆದುಬಿಡಿರೆಂದು ನಾವು ಹೇಳುತ್ತಿಲ್ಲ. ಒಂದೇ ಕಾರ್ಯಕ್ರಮ, ಒಂದೇ ನಿಯಮ, ಒಂದೇ ಅವಧಿ ಎಂದಿಟ್ಟುಕೊಂಡು ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ಅದು ಏರಿಳಿತದ ಒಂದು ಸೂಚನೆ ಕೊಡುತ್ತದೆ. ಆದರೆ ಇಂಥ ಯಾವ ಸಂಖ್ಯೆ ಕಂಡರೂ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಬೇಕು: ಯಂತ್ರ ಎಣಿಸಿದ್ದೇನು? ಎಣಿಸದೆ ಬಿಟ್ಟದ್ದೇನು? ಈ ಸಂಖ್ಯೆ ದೊಡ್ಡದಾದರೆ ಲಾಭ ಯಾರಿಗೆ?

ನಮ್ಮ ವಿದ್ಯಾರ್ಥಿಯ ಎರಡು ಸಂಚಿಕೆಗಳ ನಡುವಣ ಅಂತರ ನಿಜವೇ ಇರಬಹುದು. ಜನಕ್ಕೆ ಘರ್ಷಣೆಗಿಂತ ಹರಟೆ ಹೆಚ್ಚು ಹಿಡಿಸುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಕೈಯಲ್ಲಿದ್ದ ಅಂಕೆಗಳು ಅದನ್ನು ಸ್ಥಾಪಿಸಲಾರವು. ಮೂರು ವಾರದ ಶ್ರಮವನ್ನು ಅವುಗಳ ಮಾತಿನ ಮೇಲೆ ಕೈಬಿಡುವುದು ಸಲ್ಲದು. ಇದನ್ನು ಅವನಿಗೆ ಹೇಳಿದೆವು. ಈಗ ಅವನು ಘರ್ಷಣೆಯ ಎರಡನೆಯ ಸಂಚಿಕೆಯನ್ನು ಸಿದ್ಧಪಡಿಸುತ್ತಿದ್ದಾನೆ. ಅದರ ಕೊನೆಯಲ್ಲಿ ಇಳಿಜಾರಿನ ಮೇಲೆ ಜಾರುವ ಪೆಟ್ಟಿಗೆಯ ಲೆಕ್ಕವೊಂದನ್ನು ಕೊಟ್ಟು, ಉತ್ತರವನ್ನು ಬರೆದು ಕಳುಹಿಸುವಂತೆ ಕೇಳಲಿದ್ದಾನೆ. ಬೇರೆಬೇರೆ ಹತ್ತು ಮಂದಿಯಿಂದ ಉತ್ತರ ಬಂದರೆ, ಕಡೆಯವರೆಗೆ ಕೇಳಿದವರು ಹತ್ತಕ್ಕೆ ಕಡಿಮೆ ಇರಲಾರರೆಂದು ಧೈರ್ಯವಾಗಿ ಹೇಳಬಹುದು. ಸಂಖ್ಯೆ ಸಣ್ಣದು, ಆದರೆ ಅದರ ಅರ್ಥ ನಮಗೆ ಗೊತ್ತಿರುತ್ತದೆ.