ಮೊಬೈಲ್ ಇದೆಯಲ್ಲ, ಸಾಕು ಅನ್ನೋರಿಗೆ...

ಮೊನ್ನೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಗೆಳೆಯನೊಬ್ಬ ಅಂದ: "ಲೇ, ಬೀಕನ್ ಗೀಕನ್ ಯಾಕ್ ಬೇಕೋ? ಮೊಬೈಲ್‌ನಾಗ ಜಿಪಿಎಸ್ ಐತಲ್ಲ!" ಇಂಜಿನಿಯರಿಂಗ್ ಓದಿದವನೇ ಹೀಗಂದ್ರೆ ಸಿಟ್ಟು ಬರುತ್ತೆ ನೋಡಿ.

ಸ್ವಾಮಿ, ಜಿಪಿಎಸ್ ಅನ್ನೋದು ಕಿವಿ, ಬಾಯಿ ಅಲ್ಲ. ನೀವೆಲ್ಲಿದ್ದೀರಿ ಅಂತ ನಿಮಗೆ ಹೇಳುತ್ತೆ, ಅಷ್ಟೇ. ಅದನ್ನ ಬೇರೆಯವರಿಗೆ ಮುಟ್ಟಿಸೋಕೆ ನಮ್ಮ ಸಾದಾ ಮೊಬೈಲ್‌ಗೆ ಟವರ್ ಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದಾಗ ನಮ್ಮ ಸೋದರಮಾವ ಮಾಳಿಗೆ ಮೇಲಿದ್ರು. ಕರೆಂಟ್ ಇಲ್ಲ, ಚಾರ್ಜ್ ಇಲ್ಲ. ಬೈಲಹೊಂಗಲದಲ್ಲಿ ಅವ್ವ, ಬೆಂಗಳೂರಲ್ಲಿ ನಾನು, ರಾತ್ರಿಯಿಡೀ "ಸ್ವಿಚ್ ಆಫ್" ಅನ್ನೋದನ್ನೇ ಕೇಳುತ್ತಾ ಕೂತಿದ್ವಿ. ಮಾವ ಬದುಕಿದ್ರು. ಆ ರಾತ್ರಿ ಮಾತ್ರ ಇನ್ನೂ ಮರೆತಿಲ್ಲ.

ಬೀಕನ್‌ಗೆ ಟವರ್ ಬೇಡ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ತನ್ನ ಗುರುತಿನ ಸಂಖ್ಯೆಯನ್ನ ಉಪಗ್ರಹಕ್ಕೆ ಕೂಗುತ್ತೆ. ಜೇಬಿನ ಬೀಕನ್ ಕನಿಷ್ಠ 24 ಗಂಟೆ, ಹಡಗಿನದ್ದು 48 ಗಂಟೆ. ಹಡಗಿನದ್ದರಲ್ಲಿ ಕೆಲವು, ದೋಣಿ ಮುಳುಗಿದರೆ ನೀರಿನ ಒತ್ತಡಕ್ಕೆ ತಾವೇ ಕಳಚಿಕೊಂಡು ತೇಲಿ ಕೂಗುತ್ತವೆ, ಒತ್ತೋಕೆ ಕೈಯೇ ಬೇಡ. ಕಾಸ್ಪಾಸ್-ಸಾರ್ಸ್ಯಾಟ್ ಅನ್ನೋ ಈ ಅಂತರರಾಷ್ಟ್ರೀಯ ವ್ಯವಸ್ಥೆ 1982ರಿಂದ ಜೀವ ಉಳಿಸ್ತಿದೆ. ಭಾರತದ ಕೇಂದ್ರ ಎಲ್ಲಿದೆ ಗೊತ್ತಾ? ನಮ್ಮ ಬೆಂಗಳೂರಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ! ಮೀನುಗಾರರಿಗೆಂದೇ ಇಸ್ರೋ ಮಾಡಿದ ಡ್ಯಾಟ್ ಉಪಕರಣವೂ ಇದೆ. ಅದರ ಎರಡನೇ ತಲೆಮಾರಿನದ್ದು 2024ರಲ್ಲಿ ಬಂತು, "ನಿಮ್ಮ ಕೂಗು ಮುಟ್ಟಿದೆ" ಅಂತ ತಿರುಗಿ ಉತ್ತರಾನೂ ಕೊಡುತ್ತೆ.

"ಎಲ್ಲಿ" ಅನ್ನೋ ಪ್ರಶ್ನೆಯ ಬೆಲೆ ಮಲ್ಪೆಯವರನ್ನ ಕೇಳಿ. 2018ರ ಡಿಸೆಂಬರ್ 13ರಂದು 7 ಜನರೊಂದಿಗೆ ಹೊರಟ ಸುವರ್ಣ ತ್ರಿಭುಜ ದೋಣಿಯ ಅವಶೇಷ ಮಾಲ್ವಣದ ಬಳಿ ಕಡಲಲ್ಲಿ ಸಿಕ್ಕಿದ್ದು 2019ರ ಮೇನಲ್ಲಿ.

ಭದ್ರತೆಯ ಮಾತು ಬರುತ್ತೆ ಅಂತೀರಾ? ಸ್ಯಾಟಲೈಟ್ ಫೋನಿಗೆ, ಮೆಸೆಂಜರ್‌ಗೆ ಅನುಮತಿ ಬೇಕು ಅನ್ನೋದು ಸರಿ, ಅದರಲ್ಲಿ ಗುಟ್ಟಾಗಿ ಮಾತಾಡಬಹುದು. ಬೀಕನ್‌ನಲ್ಲಿ ಹರಟೆ ಹೊಡೆಯೋಕಾಗುತ್ತಾ? ಅದರ ಕೂಗು ಬೀಳೋದೇ ಸರ್ಕಾರದ ಕಿವಿಗೆ!

ಗುಂಡಿ ಒತ್ತಿದ ತಕ್ಷಣ ದೋಣಿ ಬಂದುಬಿಡಲ್ಲ, ಒಪ್ಪುತ್ತೇನೆ. ಆದ್ರೆ ಹುಡುಕೋ ಹೊತ್ತು ಉಳಿಯುತ್ತೆ. ಕಡಲಿಗಿಳಿಯೋ ಪ್ರತಿ ದೋಣಿಗೂ ಒಂದಿರಲಿ. ಚಾರಣಿಗರಿಗೆ ಸುಲಭವಾಗಿ, ಬಾಡಿಗೆಗಾದರೂ ಸಿಗಲಿ. ಮಲಪ್ರಭೆ ದಂಡೆಯ ಪ್ರತಿ ಪಂಚಾಯ್ತಿಯಲ್ಲೂ ಒಂದಿರಲಿ. ಕಿವಿ ಬೆಂಗಳೂರಲ್ಲಿದೆ, ಬಾಯಿ ಕೊಡೋಕೆ ಯಾಕಿಷ್ಟು ಜಿಪುಣತನ?

ಏನಂತೀರಿ? ಒಪ್ಪದಿದ್ರೆ ಬೈದು ಹೋಗಿ, ಸುಮ್ಮನೆ ಮಾತ್ರ ಹೋಗಬೇಡಿ.