ಅತಿ ದೊಡ್ಡ ಹಡಗೆಂಬುದು ಉಂಟೆ?

ಎದುರಾಳಿಗಿಂತ ದೊಡ್ಡ ಆಯುಧವೊಂದನ್ನು ಕಟ್ಟಿಬಿಟ್ಟರೆ ಸ್ಪರ್ಧೆಯೇ ಮುಗಿಯುವುದೆಂದು ನಂಬುವವರು ಎಲ್ಲ ಕಾಲದಲ್ಲಿಯೂ ಉಂಟು. ಈ ನಂಬಿಕೆಯನ್ನು ಲೆಕ್ಕಕ್ಕೆ ಇಳಿಸಿ ನೋಡಿದ ಪ್ರಸಂಗವೊಂದನ್ನು ವಿಜ್ಞಾನದ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಯುದ್ಧನೌಕೆಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದುವು. ಅವುಗಳ ವೆಚ್ಚವೂ ಬೆಳೆಯುತ್ತಿತ್ತು. ಇದರಿಂದ ಬೇಸತ್ತ ಬೆಂಜಮಿನ್ ಟಿಲ್‌ಮನ್ ಎಂಬ ಸೆನೆಟ್ ಸದಸ್ಯನು, ಕಟ್ಟಲು ಸಾಧ್ಯವಾದ ಅತಿ ದೊಡ್ಡ ಹಡಗು ಯಾವುದೆಂದು 1912ರಲ್ಲಿಯೂ ಪುನಃ 1916ರಲ್ಲಿಯೂ ನೌಕಾದಳವನ್ನು ಕೇಳಿದನು. ಹಂತಹಂತವಾಗಿ ಏರುವ ಬದಲು ಒಮ್ಮೆಗೇ ತುದಿ ಮುಟ್ಟಿಬಿಡುವುದು ಲೇಸೆಂಬುದು ಅವನ ತರ್ಕ.

ಶಿಲ್ಪಿಗಳು ಶ್ರದ್ಧೆಯಿಂದ ನಕ್ಷೆಗಳನ್ನು ರಚಿಸಿದರು. 1916ರಲ್ಲಿ ಸೇವೆಗೆ ಸೇರಿದ ‘ಪೆನ್ಸಿಲ್ವೇನಿಯಾ’ ನೌಕೆಯ ತೂಕ ಸುಮಾರು 31,400 ಟನ್, ಉದ್ದ 608 ಅಡಿ. ಹೊಸ ನಕ್ಷೆಗಳಲ್ಲಿ ದೊಡ್ಡವುಗಳ ತೂಕ 80,000 ಟನ್, ಉದ್ದ 975 ಅಡಿ, ಅಗಲ 108 ಅಡಿ. ಒಂದರಲ್ಲಂತೂ 16 ಅಂಗುಲ ಬಾಯಿಯ 24 ಫಿರಂಗಿಗಳು!

ಈ 108 ಅಡಿ ಎಲ್ಲಿಂದ ಬಂತು? ಭೌತಶಾಸ್ತ್ರದ ನಿಯಮದಿಂದಲ್ಲ. ನಿಯಮವು ದೊಡ್ಡ ಹಡಗಿನ ಪಕ್ಷವನ್ನೇ ವಹಿಸುತ್ತದೆ. ಹಡಗಿನ ಎಲ್ಲ ಅಳತೆಗಳನ್ನೂ ಇಮ್ಮಡಿಗೊಳಿಸಿದರೆ ಅದರ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಆದರೆ ಅದು ತೇಲಿಸಬಲ್ಲ ಭಾರ ಎಂಟು ಪಟ್ಟಾಗುತ್ತದೆ. ಆದುದರಿಂದ ದೊಡ್ಡ ಹಡಗು ಹೆಚ್ಚು ದಪ್ಪನೆಯ ಉಕ್ಕಿನ ಕವಚವನ್ನು ಸುಲಭವಾಗಿ ಹೊರುತ್ತದೆ. ಅಗಲವನ್ನು ನಿರ್ಧರಿಸಿದ್ದು 1914ರಲ್ಲಿ ತೆರೆದ ಪನಾಮಾ ಕಾಲುವೆ. ಅದರ ಜಲದ್ವಾರಗಳ ಅಗಲ 110 ಅಡಿ, ಉದ್ದ 1000 ಅಡಿ. ಅಂದರೆ ಆ ‘ಪರಮಾವಧಿ’ಯು ಪ್ರಕೃತಿ ಹಾಕಿದ ಗೆರೆಯಲ್ಲ, ಮನುಷ್ಯನೇ ಕಟ್ಟಿದ ಬಾಗಿಲು. ಅದೇ ಕಾಲುವೆಗೆ 2016ರಲ್ಲಿ 180 ಅಡಿ ಅಗಲದ ಹೊಸ ದ್ವಾರಗಳು ಬಂದುವು. ಬಾಗಿಲು ಅಗಲವಾದರೆ ಪರಮಾವಧಿಯೂ ಹಿಗ್ಗುತ್ತದೆ!

ಆ ನೌಕೆಗಳಲ್ಲಿ ಒಂದನ್ನೂ ಕಟ್ಟಲಿಲ್ಲ. ಸ್ಪರ್ಧೆಗೆ ತಡೆ ಹಾಕಿದ್ದು 1922ರ ವಾಷಿಂಗ್ಟನ್ ಒಪ್ಪಂದ. ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಇಟಲಿಗಳು ಹೊಸ ಯುದ್ಧನೌಕೆಗೆ 35,000 ಟನ್ನಿನ ಮಿತಿಯನ್ನು ಒಪ್ಪಿಕೊಂಡುವು. ಒಪ್ಪಂದಗಳು ಮುರಿಯುತ್ತವೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, 1936ರ ಕೊನೆಗೆ ಜಪಾನ್ ಅದರಿಂದ ಹೊರಗಾಯಿತು, ಬಳಿಕ 70,000 ಟನ್ನಿಗೂ ಮಿಕ್ಕಿದ ‘ಯಮಾಟೊ’ವನ್ನು ಕಟ್ಟಿತು. ಆದರೆ ಆ ದೈತ್ಯನೌಕೆಗೆ ಗಾತ್ರವು ರಕ್ಷೆಯಾಯಿತೆ? 1945ರ ಏಪ್ರಿಲ್ 7ರಂದು ವಿಮಾನಗಳು ಅದನ್ನು ಮುಳುಗಿಸಿದುವು. ಅಪಾಯ ಬಂದದ್ದು ಬೇರೆ ದಾರಿಯಿಂದ. ನಮ್ಮ ಚಿತ್ರದುರ್ಗದವರಿಗೆ ಇದು ಹೊಸ ಪಾಠವಲ್ಲ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಿದ್ದು ಕಿರಿದಾದ ಒಂದು ಕಿಂಡಿಯಿಂದ. ಅಲ್ಲಿ ಅವರನ್ನು ತಡೆದವಳು ಒನಕೆ ಹಿಡಿದ ಓಬವ್ವ ಎಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. 1779ರಲ್ಲಿ ಆ ಕೋಟೆಯೂ ಬಿದ್ದಿತು.

ಟಿಲ್‌ಮನ್ನನ ಪ್ರಶ್ನೆ ಮೂರ್ಖತನದ್ದಲ್ಲ. ಆದರೆ ಅವನು ಉತ್ತರವನ್ನು ಹುಡುಕಿದ ಸ್ಥಳ ತಪ್ಪು. ‘ಎಷ್ಟು ದೊಡ್ಡದು ಸಾಧ್ಯ?’ ಎಂಬುದಕ್ಕೆ ಗಣಿತ ಉತ್ತರಿಸಬಲ್ಲದು. ‘ಎಷ್ಟು ಸಾಕು?’ ಎಂಬುದಕ್ಕೆ ಉತ್ತರಿಸಬೇಕಾದವರು ಮನುಷ್ಯರು, ಒಟ್ಟಿಗೆ ಕುಳಿತು. ಇಂದು ಕ್ಷಿಪಣಿಗಳ ಮತ್ತು ಅಣ್ವಸ್ತ್ರಗಳ ಸಂಖ್ಯೆಯನ್ನು ಹೆಮ್ಮೆಯಿಂದ ಎಣಿಸುವ ಯಾವ ದೇಶವೂ ಈ ಎರಡು ಪ್ರಶ್ನೆಗಳನ್ನು ಒಂದೆಂದು ಭ್ರಮಿಸಬಾರದು. ನಾಳೆ ನಕ್ಷೆ ಬರೆಯುವ ಕೈಗಳು ಇಂದಿನ ವಿದ್ಯಾರ್ಥಿಗಳವೇ. ಲೆಕ್ಕವನ್ನು ಸರಿಯಾಗಿ ಮಾಡುವುದು ಅವರ ಧರ್ಮ. ಲೆಕ್ಕದ ಪ್ರಶ್ನೆಯನ್ನೇ ಪರೀಕ್ಷಿಸುವುದು ಅದಕ್ಕಿಂತ ದೊಡ್ಡ ಧರ್ಮ.